ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಈ ಸಲದ ತಂಡ: ಮುಂದೆ ಮುಂಬೈ ಮಾಲು, ಹಿಂದೆ ಯಾರು?

ಕೆಎಂರಸ್ತೆ_ನೀಲಿ, ಚಿಕ್ಕಮಗಳೂರು · ಆಗಸ್ಟ್ 29, 2024

ಡುರಾಂಡ್ ಕಪ್ ಸೆಮಿಫೈನಲ್‌ನಲ್ಲಿ ಮೋಹನ್ ಬಗಾನ್‌ಗೆ ಸೋತ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾಗೋಕೆ ಉಳಿದಿರೋದು ಎರಡೇ ವಾರ. ಸೆಪ್ಟೆಂಬರ್ 14, ಶನಿವಾರ, ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಜೊತೆ ನಮ್ಮ ಮೊದಲ ಪಂದ್ಯ. ಅಷ್ಟರೊಳಗೆ ಈ ಸಲದ ತಂಡ ಹೇಗಿದೆ ಅಂತ ಕೂತು ಮಾತಾಡೋಣ. ಹಾಸನ, ಬೇಲೂರು, ಮೂಡಿಗೆರೆ, ಕಡೂರು ಕಡೆಯ ನೀಲಿ ಮಂದಿ ಎಲ್ಲ ಬನ್ನಿ.

ಕಳೆದ ವರ್ಷ ಏನಾಯ್ತು ಗೊತ್ತಲ್ಲ. 12 ತಂಡಗಳಲ್ಲಿ 10ನೇ ಸ್ಥಾನ. 22 ಪಂದ್ಯಕ್ಕೆ 22 ಪಾಯಿಂಟು. ಹೊಡೆದದ್ದು 20 ಗೋಲು, ತಿಂದದ್ದು 34. ಡಿಸೆಂಬರ್‌ನಲ್ಲಿ ಮುಂಬೈನವರು ನಮ್ಮ ಮನೆಗೇ ಬಂದು 4-0 ಹೊಡೆದು ಹೋದರು, ಕೋಚ್ ಗ್ರೇಸನ್ ಕೆಲಸ ಹೋಯ್ತು. ಆ ಜಾಗಕ್ಕೆ ಜರಗೋಜಾ ಬಂದರು. ಏಪ್ರಿಲ್‌ನಲ್ಲಿ ಮೋಹನ್ ಬಗಾನ್ ಬಂತು, ಅದೇ ಮೈದಾನ, ಅದೇ 4-0.

ಹಾಗಾಗಿ ಈ ಬೇಸಿಗೆಯಲ್ಲಿ ಕ್ಲಬ್ಬು ಕೈಬಿಚ್ಚಿ ಖರ್ಚು ಮಾಡಿದೆ. ಮುಂಬೈ ಸಿಟಿಯಿಂದಲೇ ಮೂವರು: ಪೆರೇರಾ ಡಿಯಾಜ್, ನೊಗೇರಾ, ರಾಹುಲ್ ಭೆಕೆ. ಮೇ ತಿಂಗಳಲ್ಲಿ ಮುಂಬೈ ಕಪ್ ಗೆದ್ದ ಫೈನಲ್‌ನಲ್ಲಿ ಸಮ ಮಾಡಿದ ಗೋಲು ಡಿಯಾಜ್‌ದೇ. ಮೂವರೂ ಒಟ್ಟಿಗೆ ಆಡಿ ಪಳಗಿದವರು, ಒಬ್ಬರಿಗೊಬ್ಬರು ಹೊಸದಾಗಿ ಪರಿಚಯ ಆಗಬೇಕಾಗಿಲ್ಲ. ಇದನ್ನು ನಾನು ತುಂಬಾ ದೊಡ್ಡ ಲಾಭ ಅಂತ ಎಣಿಸುತ್ತೇನೆ. ನಮ್ಮಲ್ಲಿ ಪ್ರತಿ ವರ್ಷ ಹೊಸ ವಿದೇಶಿಯರು ಹೊಂದಿಕೊಳ್ಳೋಷ್ಟರಲ್ಲಿ ಡಿಸೆಂಬರ್ ಬಂದಿರುತ್ತಿತ್ತು.

ಅವರ ಜೊತೆ ಮೆಕ್ಸಿಕೋದ ನೆಕಾಕ್ಸಾದಿಂದ ಎಡ್ಗರ್ ಮೆಂಡೆಜ್. 2017ರಲ್ಲಿ ಅಲಾವೆಸ್ ತಂಡವನ್ನು ಸ್ಪೇನ್‌ನ ಕೋಪಾ ಡೆಲ್ ರೇ ಫೈನಲ್‌ಗೆ ಕರೆದೊಯ್ದ ಗೋಲು ಇವರದು. ಫೈನಲ್‌ನಲ್ಲಿ ಬಾರ್ಸಿಲೋನಾ ಎದುರು ಸೋತರು, ಅದು ಬೇರೆ ಮಾತು. ಮಧ್ಯದಲ್ಲಿ ಎಲ್ಡೆನ್ಸ್‌ನಿಂದ ಬಂದ ಪೆಡ್ರೊ ಕ್ಯಾಪೊ. ಹಳಬರಲ್ಲಿ ಜೊವಾನೊವಿಚ್, ರಯಾನ್ ವಿಲಿಯಮ್ಸ್ ಉಳಿದುಕೊಂಡಿದ್ದಾರೆ. ಅಲ್ಲಿಗೆ ಆರು ವಿದೇಶಿಯರ ಕೋಟಾ ಭರ್ತಿ.

ಮುಂದಿನ ಸಾಲು ನೋಡಿದರೆ ಬಾಯಲ್ಲಿ ನೀರೂರುತ್ತೆ, ಒಪ್ಪಿದೆ. ನನಗೆ ನಿದ್ದೆ ಕೆಡಿಸಿರೋದು ಅದರ ಹಿಂದಿನ ಜಾಗ. 34 ಗೋಲು ತಿಂದದ್ದು ಬರೀ ಡಿಫೆಂಡರ್‌ಗಳ ತಪ್ಪಲ್ಲ. ಚೆಂಡು ಕಳೆದುಕೊಂಡ ಮೇಲೆ ಮಧ್ಯದಲ್ಲಿ ಅಡ್ಡ ನಿಲ್ಲೋರೇ ಇರಲಿಲ್ಲ. ಮುಂದಿನವರು ಪ್ರೆಸ್ ಮಾಡೋಕೆ, ಅಂದರೆ ಮೇಲೆ ಬಿದ್ದು ಚೆಂಡು ಕಸಿಯೋಕೆ ಓಡುತ್ತಿದ್ದರು, ಹಿಂದಿನವರು ಬಾಕ್ಸ್ ಕಡೆ ಸರಿಯುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಎದುರಾಳಿ ಆರಾಮಾಗಿ ತಿರುಗಿ, ತಲೆ ಎತ್ತಿ ನೋಡಿ, ಪಾಸ್ ಕೊಡುತ್ತಿದ್ದ.

ಈಗ ಆ ಜಾಗಕ್ಕೆ ಯಾರಿದ್ದಾರೆ? ಕ್ಯಾಪೊ, ಸುರೇಶ್ ವಾಂಗ್‌ಜಮ್. ಸರಿ. ಇಬ್ಬರಲ್ಲಿ ಒಬ್ಬರಿಗೆ ಗಾಯ ಆದರೆ? ರೋಹಿತ್ ಕುಮಾರ್‌ನ ಒಡಿಶಾಗೆ ಬಿಟ್ಟಾಯ್ತು. ಹಾವಿ ಹರ್ನಾಂಡೆಜ್ ಜಮ್ಶೆಡ್‌ಪುರಕ್ಕೆ ಹೋದ. ಉಳಿದಿರೋದು ಫನಾಯ್ ಥರದ ಚಿಕ್ಕ ಹುಡುಗರು. ಅವರನ್ನು ಮೊದಲಿಂದಲೇ ಆಡಿಸಿ ಪಳಗಿಸಿದರೆ ಸರಿ. ಜನವರಿಯಲ್ಲಿ ಅರ್ಜೆಂಟಾಗಿ ಎತ್ತಿ ಇಳಿಸಿದರೆ ಅವರಿಗೂ ಕಷ್ಟ, ನಮಗೂ ಕಷ್ಟ.

ನನ್ನ ಅಂದಾಜು: ಈ ತಂಡ ಮೊದಲ ಆರರೊಳಗೆ ಬರುತ್ತೆ. ಕಪ್ ಗೆಲ್ಲುತ್ತೋ ಇಲ್ಲವೋ ಅನ್ನೋದನ್ನು ಡಿಯಾಜ್ ತೀರ್ಮಾನ ಮಾಡಲ್ಲ, ನಡು ಸಾಲಿನ ಬೆಂಚು ತೀರ್ಮಾನ ಮಾಡುತ್ತೆ. ಬೈಯೋರು ಬೈಯಿರಿ.

ಹಾಸನ್_ಎಡಗಾಲು · ಆಗಸ್ಟ್ 29

ಬೈಯೋಕೆ ಏನಿದೆ ಗುರು, ಡುರಾಂಡ್ ಸೆಮಿಫೈನಲ್‌ನಲ್ಲಿ, ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಆಗಿದ್ದೂ ಅದೇ ಅಲ್ವಾ?

ಚೆಟ್ರಿ ಪೆನಾಲ್ಟಿ, ವಿನೀತ್ ಗೋಲು, 2-0 ಮುಂದೆ. ನಮ್ಮ ರೂಮಲ್ಲಿ ಒಬ್ಬ ಆಗಲೇ ಫೈನಲ್‌ಗೆ ಕೋಲ್ಕತ್ತಾ ಟ್ರೈನ್ ಹುಡುಕೋಕೆ ಶುರು ಮಾಡಿದ್ದ. ಆಮೇಲೆ ಏನಾಯ್ತು? ಅವರು ಫ್ರೆಶ್ ಕಾಲುಗಳನ್ನು ಇಳಿಸಿದರು. ನಮ್ಮವರು ಹಿಂದೆ ಹಿಂದೆ ಸರಿದರು. ಪೆಟ್ರಾಟೋಸ್ ಪೆನಾಲ್ಟಿ. ಆಮೇಲೆ ಥಾಪಾ. ಥಾಪಾ ಗೋಲನ್ನ ಇನ್ನೊಂದು ಸಲ ಹಾಕಿ ನೋಡಿ. ಬಾಕ್ಸ್ ಹೊರಗೆ ಹೊಡೆಯೋಕೆ ಅವನಿಗೆ ಎಷ್ಟು ಜಾಗ ಸಿಕ್ಕಿತ್ತು ಅಂತ. ಅದೇ ನೀನು ಹೇಳಿದ ಜಾಗ. ಶೂಟೌಟ್‌ನಲ್ಲಿ ಅವರ ಗೋಲಿ ವಿಶಾಲ್ ಕೈತ್ ಗೋಡೆ ಥರ ನಿಂತ, 4-3. ಬಾಯಿಗೆ ಬಂದ ತುತ್ತು ಕೈ ಜಾರಿತು.

ಆದರೆ ಒಂದು ಮಾತು. ಡುರಾಂಡ್ ಅಂದ್ರೆ ಸೀಸನ್ ಮುಂಚಿನ ಪ್ರಾಕ್ಟೀಸು. ಅಲ್ಲಿ ಯಾರೂ ಪೂರ್ತಿ ಫಿಟ್ ಇರಲ್ಲ. ಅಷ್ಟಕ್ಕೇ ತಂಡಕ್ಕೆ ತೀರ್ಪು ಕೊಡೋದು ಬೇಡ.

ಗೋಣಿಬೀಡು_ಗೋಲಿ · ಆಗಸ್ಟ್ 29

ನಮ್ಮ ಕಡೆ ಆ ದಿನ ಕರೆಂಟಿಲ್ಲ. ಮನೆಯೊಳಗೆ ಸಿಗ್ನಲ್ಲೂ ಇಲ್ಲ. ಕಾಫಿ ಕಣದ ಮೂಲೆಯಲ್ಲಿ ಮಾತ್ರ ಎರಡು ಕಡ್ಡಿ ಬರುತ್ತೆ. ಅಲ್ಲಿ ಕೊಡೆ ಹಿಡ್ಕೊಂಡು, ಫೋನಿಗೊಂದು ಪ್ಲಾಸ್ಟಿಕ್ ಕವರ್ ಸುತ್ತಿ, ನಾನೂ ನಮ್ಮ ತೋಟದ ರೈಟರೂ ನಿಂತು ನೋಡಿದ್ದು. ವಿನೀತ್ ಗೋಲು ಹೊಡೆದಾಗ ವಿಡಿಯೋ ತಿರುಗ್ತಾ ಇತ್ತು. ಸ್ಕೋರ್ ಮೊದಲು ಬದಲಾಯ್ತು, ಗೋಲು ಆಮೇಲೆ ಬಂತು.

ನಾನು ಗೋಲಿ ಆಗಿದ್ದವನು, ಅದರ ಬಗ್ಗೆ ಮಾತ್ರ ಹೇಳ್ತೀನಿ. ಗುರ್‌ಪ್ರೀತ್ ಬಗ್ಗೆ ಯಾಕೆ ಎಲ್ಲರಿಗೂ ಇಷ್ಟು ಅನುಮಾನ? ಕಾಲಲ್ಲಿ ಚೆಂಡು ಆಡಿಸೋದು ಅವನ ಶಕ್ತಿ ಅಲ್ಲ, ಸರಿ. ಅದಕ್ಕೇ ಹಿಂದಿನಿಂದ ಪಾಸ್ ಕಟ್ಟಿಕೊಂಡು ಬಾ ಅಂತ ಒತ್ತಡ ಹಾಕಿದಾಗ ತಡವರಿಸ್ತಾನೆ. ಆದರೆ ಗೋಲ್‌ಲೈನ್ ಮೇಲೆ ಅವನ ಥರ ಇನ್ನೊಬ್ಬ ನಮ್ಮ ದೇಶದಲ್ಲಿ ಎಷ್ಟು ಜನ? ಎತ್ತರ ನೋಡಿ. ಎರಡನೆಯವನಾಗಿ ಲಾಲ್ತುಅಮ್ಮಾವಿಯಾ ರಾಲ್ಟೆ ಬಂದಿದ್ದಾನೆ, ಒಡಿಶಾದಲ್ಲಿ ಆಡಿದವನು. ಗೋಲ್‌ಕೀಪಿಂಗ್ ವಿಷಯ ಇಲ್ಲಿಗೆ ಮುಗೀತು, ಬೇರೆ ಕಡೆ ನೋಡಿ.

ಹಳೇ_ಸ್ಟಾಪರ್, ಹಾಸನ · ಆಗಸ್ಟ್ 30

ಹುಡುಗರೇ, ಎಲ್ಲರೂ ಹೆಸರು ಹೇಳ್ತಾ ಇದ್ದೀರಿ. ನಾಲ್ಕರ ಲೆಕ್ಕ ಯಾರೂ ಹಾಕ್ತಾ ಇಲ್ಲ. ಆರು ವಿದೇಶಿಯರು ಇದ್ದಾರೆ, ಮೈದಾನದಲ್ಲಿ ಒಟ್ಟಿಗೆ ಇರಬಹುದಾದವರು ನಾಲ್ಕೇ ಜನ. ಈ ತಂಡದ ಕಥೆ ಪೂರ್ತಿ ಈ ನಾಲ್ಕರಲ್ಲೇ ಇದೆ.

ಜೊವಾನೊವಿಚ್ ಸ್ಟಾಪರ್ ಆಗಿ, ಅಂದರೆ ನಡುವಿನ ಡಿಫೆಂಡರ್ ಆಗಿ ನಿಂತರೆ ಒಂದು ಸೀಟು ಹೋಯ್ತು. ಕ್ಯಾಪೊ ಎರಡು. ನೊಗೇರಾ ಮೂರು. ಉಳಿದ ಒಂದು ಸೀಟಿಗೆ ಡಿಯಾಜ್, ಮೆಂಡೆಜ್, ವಿಲಿಯಮ್ಸ್ ಮೂವರು ಕ್ಯೂ ನಿಲ್ಲಬೇಕು. ಅಷ್ಟು ದುಡ್ಡು ಕೊಟ್ಟು ಕರೆಸಿ ಇಬ್ಬರನ್ನು ಬೆಂಚ್ ಮೇಲೆ ಕೂರಿಸ್ತಾರಾ? ಇಲ್ಲ.

ಈಗ ಉಲ್ಟಾ ಮಾಡಿ. ಭೆಕೆ ಮತ್ತು ಚಿಂಗ್ಲೆನ್‌ಸನಾ, ಇಬ್ಬರೂ ಭಾರತದವರು, ಇವರನ್ನೇ ಜೋಡಿ ಮಾಡಿ. ಚಿಂಗ್ಲೆನ್‌ಸನಾ ಹೈದರಾಬಾದ್ 2022ರಲ್ಲಿ ಕಪ್ ಗೆದ್ದಾಗ ಅಲ್ಲಿದ್ದವನು. ಓಟ ಇದೆ. ಭೆಕೆಗೆ ಓದುವ ತಲೆ ಇದೆ. ಆಗ ನಾಲ್ಕೂ ಸೀಟು ಮುಂದಕ್ಕೆ ಸಿಗುತ್ತೆ: ಕ್ಯಾಪೊ, ನೊಗೇರಾ, ಮೆಂಡೆಜ್, ಡಿಯಾಜ್. ಜರಗೋಜಾ ಭೆಕೆಯನ್ನು ವಾಪಸ್ ಕರೆಸಿದ್ದು ಹಳೇ ಪ್ರೀತಿಗೆ ಅಂತ ಎಷ್ಟೋ ಜನ ಬರೆದರು. 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ಹೆಡ್ ಮಾಡಿ ಕಪ್ ಕೊಡಿಸಿದವನು, ಪ್ರೀತಿ ಇಲ್ಲದೆ ಇರುತ್ತಾ. ಆ ವರ್ಷ ಜರಗೋಜಾ ಕೂಡ ಆಗಿನ ಕೋಚ್ ಕ್ವಾಡ್ರಾಟ್ ಅವರ ಸಹಾಯಕ ಆಗಿ ಅಲ್ಲೇ ಇದ್ದರು. ಆದರೆ ನಿಜವಾದ ಲೆಕ್ಕ ಬೇರೆ. ಒಬ್ಬ ಒಳ್ಳೇ ದೇಶಿ ಸ್ಟಾಪರ್ ಸಿಕ್ಕರೆ ಮುಂದೆ ಒಬ್ಬ ವಿದೇಶಿ ಜಾಸ್ತಿ ಸಿಕ್ಕಿದ ಹಾಗೆ.

ನಾನು ಈ ಜಾಗದಲ್ಲಿ ಆಡಿದವನು, ಆದ್ದರಿಂದ ಇನ್ನೊಂದು ಮಾತು. ಸ್ಟಾಪರ್ ಜೋಡಿಯಲ್ಲಿ ಒಬ್ಬ ಚೆಂಡಿನ ಕಡೆ ಹೋಗಬೇಕು, ಇನ್ನೊಬ್ಬ ಅವನ ಬೆನ್ನ ಹಿಂದೆ ಜಾಗ ಕಾಯಬೇಕು. ಇಬ್ಬರೂ ಚೆಂಡಿನ ಕಡೆ ಹೋದರೆ ಗೋಲು. ಇಬ್ಬರೂ ಕಾದರೂ ಗೋಲು. ಕಳೆದ ವರ್ಷ ಡಿಸೆಂಬರ್ ತನಕ ನಮ್ಮಲ್ಲಿ ಯಾರು ಹೋಗೋದು, ಯಾರು ಕಾಯೋದು ಅಂತ ತೀರ್ಮಾನವೇ ಆಗಿರಲಿಲ್ಲ. ಪ್ರತಿ ಪಂದ್ಯಕ್ಕೂ ಜೋಡಿ ಬದಲು. ಈ ಸಲ ಯಾರನ್ನೇ ಹಾಕಲಿ, ಒಂದೇ ಜೋಡಿಯನ್ನು ಹತ್ತು ಪಂದ್ಯ ಬಿಡದೆ ಆಡಿಸಲಿ. ಅಷ್ಟು ಮಾಡಿದರೆ 34 ಅನ್ನೋದು ತಾನಾಗೇ ಇಳಿಯುತ್ತೆ.

ಸೈಡ್ ಬ್ಯಾಕ್: ಎಡಕ್ಕೆ ರೋಶನ್, ಬಲಕ್ಕೆ ನಿಖಿಲ್ ಪೂಜಾರಿ. ರೋಶನ್ ಕಾರ್ನರ್ ಇರುವಾಗ ಭೆಕೆ ತಲೆಗೆ ಕೆಲಸ ಇದ್ದೇ ಇರುತ್ತೆ.

ಹಾಸನ್_ಎಡಗಾಲು · ಆಗಸ್ಟ್ 30

ಸಾರ್, ಪಂಜಾಬ್‌ನಿಂದ ಮೊಹಮ್ಮದ್ ಸಲಾ ಬಂದಿದ್ದಾನಲ್ಲ, ಅವನನ್ನ ಬಿಟ್ಟಿರಿ. ಸುದ್ದಿ ಬಂದ ದಿನ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಅರ್ಧ ಜನ ಲಿವರ್‌ಪೂಲ್‌ನಿಂದ ಬಂದ ಅಂತಲೇ ಕುಣಿದರು.

ಹಳೇ_ಸ್ಟಾಪರ್ · ಆಗಸ್ಟ್ 30

ಅವನು ಡಿಫೆಂಡರ್ ಕಣಪ್ಪ. ರೋಶನ್‌ಗೆ ಬೆನ್ನಿಗೆ ಒಬ್ಬ ಬೇಕಿತ್ತು, ಸಿಕ್ಕಿದ.

ಹಳದಿ_ಹುಡ್ಗ, ಮೂಡಿಗೆರೆ · ಆಗಸ್ಟ್ 30

ಕೇರಳ ಬ್ಲಾಸ್ಟರ್ಸ್ ಅಭಿಮಾನಿ, ಆದರೂ ಒಳಗೆ ಬರಬಹುದಾ?

ಡುರಾಂಡ್ ಕ್ವಾರ್ಟರ್‌ಫೈನಲ್‌ನಲ್ಲಿ ಡಿಯಾಜ್ ಕೊನೇ ಗಳಿಗೆಯಲ್ಲಿ ನಮಗೆ ಹೊಡೆದ ಆ ಒಂದು ಗೋಲು ಬಿಟ್ಟರೆ ನಿಮ್ಮ ಮುಂದಿನ ಸಾಲು ಆ ದಿನ ಏನೂ ಮಾಡಲಿಲ್ಲ. ಡಿಯಾಜ್ ನಮ್ಮಲ್ಲೂ ಆಡಿದ್ದ, ನಮಗೆ ಗೊತ್ತು. ಒಳ್ಳೇ ಆಟಗಾರ, ಜಗಳಗಂಟ. ರೆಫರಿ ಜೊತೆ ಮಾತು ಜಾಸ್ತಿ. ಹಳದಿ ಕಾರ್ಡಿನ ಲೆಕ್ಕವನ್ನೂ ನಿಮ್ಮ ತಂಡದ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೆಎಂರಸ್ತೆ_ನೀಲಿ · ಆಗಸ್ಟ್ 30

ಬಾ ಮಾರಾಯ, ಬಾಗಿಲು ತೆಗೆದೇ ಇದೆ. 2023ರ ಮಾರ್ಚ್‌ನಲ್ಲಿ ಚೆಟ್ರಿ ಫ್ರೀಕಿಕ್ ಗೋಲಿಗೆ ಸಿಟ್ಟಾಗಿ ನಿಮ್ಮ ತಂಡ ಮೈದಾನ ಬಿಟ್ಟ ಹಾಗೆ ಅರ್ಧಕ್ಕೆ ಎದ್ದು ಹೋಗಬೇಡ ಅಷ್ಟೆ.

ಹಳದಿ_ಹುಡ್ಗ · ಆಗಸ್ಟ್ 30

ಸೀಟಿ ಊದೋ ಮುಂಚೆ ಫ್ರೀಕಿಕ್ ಹೊಡೆಯೋದನ್ನು ನಮ್ಮೂರಲ್ಲಿ ಗೋಲು ಅನ್ನಲ್ಲ.

ಕೆಎಂರಸ್ತೆ_ನೀಲಿ · ಆಗಸ್ಟ್ 30

ರೆಫರಿ ಗೋಲು ಅಂದರಲ್ಲ. ಸಾಕು. ಮುಂದಿನವರು.

ಲೆಕ್ಕದ_ಮೇಷ್ಟ್ರು, ಅರಸೀಕೆರೆ · ಸೆಪ್ಟೆಂಬರ್ 1

ನಿನ್ನೆ ಡುರಾಂಡ್ ಫೈನಲ್ ನೋಡಿದಿರಾ? ನಮ್ಮನ್ನು ಸೋಲಿಸಿದ ಅದೇ ಮೋಹನ್ ಬಗಾನ್ 2-0 ಮುಂದಿತ್ತು. ನಾರ್ತ್‌ಈಸ್ಟ್ ಯುನೈಟೆಡ್ 2-2 ಮಾಡಿ ಶೂಟೌಟ್‌ನಲ್ಲಿ ಕಪ್ ಎತ್ತಿಕೊಂಡು ಹೋಯಿತು. ನಮಗೆ ಆದದ್ದೇ ಅವರಿಗೂ ಆಯ್ತು. ಹೊಟ್ಟೆ ತಣ್ಣಗಾಯ್ತು.

ಈಗ ವಯಸ್ಸಿನ ವಿಷಯಕ್ಕೆ ಬರ್ತೀನಿ, ಅದನ್ನು ಯಾರೂ ಮುಟ್ಟಲಿಲ್ಲ. ನಮ್ಮ ಆರು ವಿದೇಶಿಯರಲ್ಲಿ ಮೂವತ್ತರ ಕೆಳಗಿನವನು ಒಬ್ಬನೂ ಇಲ್ಲ. ಡಿಯಾಜ್, ಮೆಂಡೆಜ್, ನೊಗೇರಾ, ಜೊವಾನೊವಿಚ್ ಎಲ್ಲ ಮೂವತ್ತನಾಲ್ಕರ ಆಸುಪಾಸು. ಭೆಕೆಗೂ ಮೂವತ್ತು ದಾಟಿದೆ, ಗುರ್‌ಪ್ರೀತ್‌ಗೂ ದಾಟಿದೆ. ಚೆಟ್ರಿಗೆ ಆಗಸ್ಟ್ 3ಕ್ಕೆ ನಲವತ್ತು.

ಕೋಲ್ಕತ್ತಾದ ಮೊಹಮ್ಮದನ್ ತಂಡ ಕೆಳಗಿನ ಲೀಗಿನಿಂದ ಮೇಲೆ ಬಂದಿರೋದರಿಂದ ಈ ಸಲ 13 ತಂಡ. ಅಂದರೆ ಪ್ರತಿಯೊಬ್ಬರಿಗೂ 24 ಪಂದ್ಯ, ಕಳೆದ ಸಲಕ್ಕಿಂತ ಎರಡು ಜಾಸ್ತಿ. ಮೊದಲ ಎರಡು ಸ್ಥಾನದವರು ನೇರ ಸೆಮಿಫೈನಲ್‌ಗೆ. ಮೂರರಿಂದ ಆರನೆಯವರು ನಾಕೌಟ್ ಆಡಿ ಹೋಗಬೇಕು. ಅಂದರೆ ಮೂರನೇ ಸ್ಥಾನಕ್ಕೆ ಬಂದು ಫೈನಲ್ ತಲುಪಿದರೆ ಇನ್ನೂ ನಾಲ್ಕು ಪಂದ್ಯ. ಏಪ್ರಿಲ್ ಬಿಸಿಲಲ್ಲಿ ಈ ಕಾಲುಗಳು ಅಷ್ಟು ಓಡುತ್ತವಾ? ಜರಗೋಜಾಗೆ ಪ್ರೆಸ್ಸಿಂಗ್ ಬೇಕು, ಚೆಂಡು ಹೋದ ತಕ್ಷಣ ಮುತ್ತಿಗೆ ಹಾಕಬೇಕು. ಅದು ಹುಡುಗರ ಆಟ. ಆಟಗಾರರ ಪಟ್ಟಿ ಮಾತ್ರ ಹಿರಿಯರದು. ಈ ಎರಡೂ ಒಂದಕ್ಕೊಂದು ಹೊಂದಲ್ಲ ಅನ್ನೋದು ನನ್ನ ತಕರಾರು.

ಇದಕ್ಕೆ ಇರೋ ಒಂದೇ ಔಷಧಿ ಐದು ಬದಲಿ ಆಟಗಾರರ ಅವಕಾಶ. ಅರವತ್ತನೇ ನಿಮಿಷಕ್ಕೆ ಮೂವರನ್ನು ಒಟ್ಟಿಗೆ ಬದಲಿಸಬೇಕು. ಅಲ್ಲಿಗೆ ಮತ್ತೆ ಕೆಎಂರಸ್ತೆಯವರು ಕೇಳಿದ ಪ್ರಶ್ನೆಗೇ ಬಂದು ನಿಂತೆವು. ಬೆಂಚಲ್ಲಿ ಯಾರಿದ್ದಾರೆ?

ಬೇಲೂರು_ಬ್ಲೂ · ಸೆಪ್ಟೆಂಬರ್ 1

ಮೇಷ್ಟ್ರೇ, ನಮಸ್ಕಾರ. ವಯಸ್ಸಿನ ಪಟ್ಟಿಯಲ್ಲಿ ಚೆಟ್ರಿಯನ್ನು ಕೊನೆಗೆ ಸೇರಿಸಿ ಜಾಣತನ ಮಾಡಿದಿರಿ. ಎಲ್ಲರ ಮನಸ್ಸಲ್ಲಿ ಇರೋದು ಅದೇ, ಬಾಯಿಬಿಟ್ಟು ಹೇಳೋರಿಲ್ಲ.

ನಾನು ಹೇಳ್ತೀನಿ: ಚೆಟ್ರಿ ಮೊದಲ ಹನ್ನೊಂದರಲ್ಲಿ ಇರಬೇಕು. ಕಾರಣ ಅಭಿಮಾನ ಅಲ್ಲ. ಜೂನ್ 6ಕ್ಕೆ ಕುವೈತ್ ಪಂದ್ಯದ ಜೊತೆ ದೇಶಕ್ಕೆ ಆಡೋದು ನಿಲ್ಲಿಸಿದರು. 94 ಗೋಲು ಹೊಡೆದು ಮುಗಿಸಿದರು. ಹೋದ ವರ್ಷದ ತನಕ ಪ್ರತಿ ಅಂತರರಾಷ್ಟ್ರೀಯ ಬಿಡುವಿನಲ್ಲೂ ವಿಮಾನ, ಕ್ಯಾಂಪು, ಪಂದ್ಯ, ಮತ್ತೆ ವಿಮಾನ. ಈಗ ಆ ದಿನಗಳೆಲ್ಲ ಬಳ್ಳಾರಿ ಕಡೆಯ ಕ್ಯಾಂಪೋ, ಬೆಂಗಳೂರಿನ ಮನೆಯೋ, ಒಟ್ಟಲ್ಲಿ ವಿಶ್ರಾಂತಿ. ನಲವತ್ತರ ದೇಹಕ್ಕೆ ಅದು ಎಷ್ಟು ದೊಡ್ಡ ಉಳಿತಾಯ ಯೋಚನೆ ಮಾಡಿ.

ಇನ್ನೊಂದು, ಕಳೆದ ವರ್ಷ ಅವರನ್ನು ಒಂಟಿಯಾಗಿ ಬಿಟ್ಟಿದ್ದರು. ಚೆಂಡು ತಗೊಳ್ಳೋಕೆ ಅವರೇ ಹಿಂದೆ ಬರಬೇಕು, ಹಂಚಬೇಕು, ಆಮೇಲೆ ಬಾಕ್ಸ್‌ಗೂ ಅವರೇ ಓಡಬೇಕು. ಈ ಸಲ ಹಂಚೋಕೆ ನೊಗೇರಾ ಇದ್ದಾರೆ. ಸ್ಟಾಪರ್‌ಗಳ ಜೊತೆ ಗುದ್ದಾಡೋಕೆ ಡಿಯಾಜ್ ಇದ್ದಾರೆ. ಚೆಟ್ರಿ ಎಡಗಡೆಯಿಂದ ಒಳಗೆ ನುಗ್ಗಿ, ಎರಡನೇ ಪೋಸ್ಟ್ ಹತ್ತಿರ ಯಾರ ಕಣ್ಣಿಗೂ ಬೀಳದೆ ಬಂದು ನಿಲ್ಲೋದೊಂದೇ ಕೆಲಸ. ಆ ಕೆಲಸಕ್ಕೆ ಕಾಲಿನ ವೇಗ ಬೇಡ, ತಲೆಯ ವೇಗ ಸಾಕು. ಅದರಲ್ಲಿ ಅವರನ್ನು ಮೀರಿಸೋರು ಈ ಲೀಗಿನಲ್ಲಿ ನನಗೆ ಇನ್ನೂ ಕಂಡಿಲ್ಲ.

ಹಾಸನ್_ಎಡಗಾಲು · ಸೆಪ್ಟೆಂಬರ್ 1

ಅಕ್ಕ, ನಿಮ್ಮ ಮಾತಿಗೆ ಎದುರು ಮಾತಾಡೋಕೆ ಭಯ, ಆದರೂ ಆಡ್ತೀನಿ.

ಚೆಟ್ರಿ ಬೆಂಚಿನಿಂದ ಬರಬೇಕು. ಅರವತ್ತನೇ ನಿಮಿಷ. ಎದುರಾಳಿ ಸ್ಟಾಪರ್‌ಗಳು ಡಿಯಾಜ್ ಜೊತೆ ಒಂದು ಗಂಟೆ ಗುದ್ದಾಡಿ ಸುಸ್ತಾಗಿರುತ್ತಾರೆ. ಆಗ ಚೆಟ್ರಿ ಇಳಿದರೆ? ಅವರು ಹೇಗೆ ನಿಲ್ಲುತ್ತಾರೆ, ಎಲ್ಲಿ ಬಿರುಕಿದೆ ಅಂತ ಅವರು ಆಗಲೇ ಕೂತು ನೋಡಿರುತ್ತಾರೆ. ಮೇಷ್ಟ್ರು ಬೆಂಚಲ್ಲಿ ಯಾರಿದ್ದಾರೆ ಅಂತ ಕೇಳಿದರಲ್ಲ, ಇದೇ ಉತ್ತರ. ದೇಶದ ಅತಿ ಹೆಚ್ಚು ಗೋಲುಗಾರನೇ ಬೆಂಚಲ್ಲಿ ಇದ್ದರೆ ಅದಕ್ಕಿಂತ ಬೆಂಚು ಬೇಕಾ?

ಮತ್ತೆ ಮೊದಲ ಹನ್ನೊಂದರ ಆ ಜಾಗ ವಿನೀತ್ ವೆಂಕಟೇಶ್‌ಗೆ. 19 ವರ್ಷ. ಬೆಂಗಳೂರಿನ ಹುಡುಗ. ಸಾಲ್ಟ್ ಲೇಕ್‌ನಲ್ಲಿ, ಅಷ್ಟು ಜನ ಕೂಗಾಡ್ತಾ ಇರುವಾಗ, ಮೋಹನ್ ಬಗಾನ್ ಎದುರು ಗೋಲು ಹೊಡೆದವನನ್ನು ಎರಡು ವಾರ ಆದಮೇಲೆ ಬೆಂಚಲ್ಲಿ ಕೂರಿಸಿದರೆ ಅದು ಅನ್ಯಾಯ. ಪ್ರೆಸ್ಸಿಂಗ್‌ಗೆ ಹುಡುಗರು ಬೇಕು ಅಂದಿರಲ್ಲ ಮೇಷ್ಟ್ರೇ, ತಗೊಳ್ಳಿ.

ಬೇಲೂರು_ಬ್ಲೂ · ಸೆಪ್ಟೆಂಬರ್ 1

ವಿನೀತ್ ಬಲಗಡೆ ಆಡಲಿ. ಯಾರು ಬೇಡ ಅಂದರು? ಮೆಂಡೆಜ್‌ನ ಕೂರಿಸಿ.

ಹಾಸನ್_ಎಡಗಾಲು · ಸೆಪ್ಟೆಂಬರ್ 1

ಮೆಂಡೆಜ್ ಸಂಬಳದ ಸ್ಲಿಪ್ಪು ನೀವೇ ಕ್ಲಬ್ಬಿಗೆ ಕಳಿಸಿ ಅಕ್ಕ ಹಾಗಾದ್ರೆ.

ಗೋಣಿಬೀಡು_ಗೋಲಿ · ಸೆಪ್ಟೆಂಬರ್ 2

ಶಿವಶಕ್ತಿ ಹೆಸರು ಒಬ್ಬರೂ ಎತ್ತಲಿಲ್ಲ ನೋಡಿ. 2022-23ರಲ್ಲಿ ಲೀಗಿನ ಉದಯೋನ್ಮುಖ ಆಟಗಾರ ಅಂತ ಪ್ರಶಸ್ತಿ ತಗೊಂಡವನು. ಆ ವರ್ಷ ನಾವು ಫೈನಲ್ ತಲುಪಿದ್ದರಲ್ಲಿ ಅವನ ಓಟದ ಪಾಲು ಎಷ್ಟಿತ್ತು! ಮಾರನೇ ವರ್ಷ ಇಡೀ ತಂಡದ ಜೊತೆ ಅವನೂ ಮಂಕಾದ. ಈಗ ಮುಂದೆ ಇಷ್ಟು ದೊಡ್ಡ ಹೆಸರುಗಳು. 23 ವರ್ಷದ ಹುಡುಗನಿಗೆ ಎಲ್ಲಿ ಜಾಗ? ಅವನನ್ನು ಬೆಂಚಲ್ಲೇ ಒಣಗಿಸಿದರೆ ಜನವರಿಯಲ್ಲಿ ಯಾರೋ ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ನಮ್ಮ ವಿರುದ್ಧವೇ ಹೊಡೀತಾನೆ. ಫುಟ್‌ಬಾಲ್‌ನಲ್ಲಿ ಅದು ತಪ್ಪಿದ್ದಲ್ಲ.

ಹಳೇ_ಸ್ಟಾಪರ್ · ಸೆಪ್ಟೆಂಬರ್ 3

ವಿನೀತ್ ಮಾತು ಬಂದದ್ದಕ್ಕೆ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ.

ಕರ್ನಾಟಕದ ಏಕೈಕ ಐಎಸ್‌ಎಲ್ ತಂಡದಲ್ಲಿ ಕರ್ನಾಟಕದ ಎಷ್ಟು ಹುಡುಗರಿದ್ದಾರೆ? ಬೆರಳಲ್ಲಿ ಎಣಿಸಿ, ಬೆರಳು ಮಿಗುತ್ತೆ. ಇದಕ್ಕೆ ಕ್ಲಬ್ಬನ್ನು ಮಾತ್ರ ಬೈಯೋದು ಸುಲಭ. ಅವರ ರಿಸರ್ವ್ ತಂಡ 2022ರಲ್ಲೂ 2023ರಲ್ಲೂ ಡೆವಲಪ್‌ಮೆಂಟ್ ಲೀಗ್ ಗೆದ್ದಿದೆ. ಹುಡುಗರನ್ನು ಬೆಳೆಸೋ ಕೆಲಸ ಅಲ್ಲಿ ನಡೀತಾ ಇದೆ, ವಿನೀತ್ ಬಂದದ್ದು ಅಲ್ಲಿಂದಲೇ. ನಮ್ಮ ರಾಜ್ಯದಲ್ಲಿ ಆಟ ಇಲ್ಲ ಅನ್ನೋದೂ ಸುಳ್ಳು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದೆವು, 54 ವರ್ಷ ಆದಮೇಲೆ. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು ಅಂತ ಇತ್ತು.

ಕೊರತೆ ಇರೋದು ಬೆಂಗಳೂರಿನಿಂದ ಈಚೆಗೆ. ನಮ್ಮ ಕಡೆ ಒಳ್ಳೇ ಕಾಲಿರುವ ಹುಡುಗ ಹದಿಮೂರು, ಹದಿನಾಲ್ಕು ವರ್ಷಕ್ಕೆ ಎಲ್ಲಿಗೆ ಹೋಗಬೇಕು? ಕೊಡಗಿನ ಕಡೆ ಹುಟ್ಟಿದರೆ ಹಾಕಿ ಕೋಲು ಕೈಗೆ ಬರುತ್ತೆ. ಇಲ್ಲಿ ಹುಟ್ಟಿದರೆ ಕ್ರಿಕೆಟ್ ಬ್ಯಾಟು. ಮಳೆಗಾಲದಲ್ಲಿ ಮೈದಾನ ಕೆಸರಾದಾಗ ಕ್ರಿಕೆಟ್‌ನವರು ಜಾಗ ಬಿಡ್ತಾರೆ, ಆಗ ಮಾತ್ರ ಫುಟ್‌ಬಾಲ್. ನಾನು ಸಂಜೆ ಹೊತ್ತು ಹೋಗಿ ನಿಲ್ತೀನಿ. ಮೊನ್ನೆ ಒಬ್ಬ ಹುಡುಗ, ಬರಿಗಾಲು, ಕೆಸರಲ್ಲಿ ಚೆಂಡು ನಿಂತುಹೋಗುತ್ತೆ ಅಂತ ಗೊತ್ತಾಗಿ ಉರುಳಿಸೋದೇ ಬಿಟ್ಟ. ಕಾಲ್ಬೆರಳಲ್ಲಿ ಸ್ವಲ್ಪ ಮೇಲೆತ್ತಿ, ತೊಡೆ ಮೇಲೆ ತಗೊಂಡು, ತಿರುಗಿ ಹೋದ. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಅವನ ಹೆಸರನ್ನು ಯಾರಿಗೆ ಕಳಿಸಲಿ ಅಂತ ನನಗೆ ದಾರಿ ಕಾಣಲಿಲ್ಲ. ಅಂಡರ್-14 ಲೀಗ್ ಒಂದು ಹಾಸನ, ಚಿಕ್ಕಮಗಳೂರು ಸೇರಿಸಿ ನಡೆಸಿದರೆ ಕ್ಲಬ್ಬಿನವರು ಬಂದು ನೋಡೋಕಾದರೂ ಒಂದು ಜಾಗ ಇರುತ್ತೆ.

ಕೆಎಂರಸ್ತೆ_ನೀಲಿ · ಸೆಪ್ಟೆಂಬರ್ 3

ಸಾರ್, ಇದಕ್ಕೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಕಳೆದುಹೋಗುತ್ತೆ. ಕಾಫಿ ರೇಟು ಈ ವರ್ಷ ಈ ಮಟ್ಟಕ್ಕೆ ಏರಿದೆ, ರೊಬಸ್ಟಾದವರೆಲ್ಲ ಹೊಸ ಗಾಡಿ ನೋಡ್ತಾ ಇದ್ದಾರೆ. ನಾಲ್ಕು ಜನ ಪ್ಲಾಂಟರ್‌ಗಳನ್ನು ಹಿಡಿದರೆ ಲೀಗಿನ ಖರ್ಚು ಹುಟ್ಟುತ್ತೆ. ನಾನು ಬರ್ತೀನಿ ಜೊತೆಗೆ.

ಲೆಕ್ಕದ_ಮೇಷ್ಟ್ರು · ಸೆಪ್ಟೆಂಬರ್ 10

ಹಬ್ಬ ಮುಗೀತು, ಕಡುಬೂ ಖಾಲಿ. ನಿನ್ನೆ ಹೈದರಾಬಾದ್‌ನಲ್ಲಿ ಭಾರತ ಸಿರಿಯಾ ಎದುರು 0-3. ಅದಕ್ಕೆ ಮುಂಚೆ ಮಾರಿಷಸ್ ಜೊತೆ 0-0. ನಮ್ಮ ಗುರ್‌ಪ್ರೀತ್, ಭೆಕೆ ಎಲ್ಲ ಆ ಕ್ಯಾಂಪಿನಲ್ಲೇ ಇದ್ದವರು. ಶನಿವಾರಕ್ಕೆ ನಾಲ್ಕು ದಿನ. ಮನಸ್ಸು ಕುಗ್ಗಿಸಿಕೊಂಡು ಬರದಿದ್ದರೆ ಸಾಕು.

ಎದುರಾಳಿ ಬಗ್ಗೆಯೂ ಸ್ವಲ್ಪ ಮಾತಾಡಿ. ಈಸ್ಟ್ ಬೆಂಗಾಲ್ ಕೋಚ್ ಯಾರು? ಕಾರ್ಲೆಸ್ ಕ್ವಾಡ್ರಾಟ್. ನಮಗೆ 2019ರ ಕಪ್ ಕೊಡಿಸಿದವರು. ಜರಗೋಜಾ ಆಗ ಅವರ ಕೈಕೆಳಗೆ ಕೆಲಸ ಮಾಡಿದವರು. ಗುರುವಿಗೆ ಶಿಷ್ಯ ತಿರುಮಂತ್ರ ಹಾಕಬೇಕು. ಅವರ ಮುಂದಿನ ಸಾಲಿನಲ್ಲಿ ಡಿಯಾಮಂಟಾಕೋಸ್. ಕಳೆದ ಸಲ ಬ್ಲಾಸ್ಟರ್ಸ್‌ಗೆ 13 ಗೋಲು ಹೊಡೆದು ಗೋಲ್ಡನ್ ಬೂಟ್ ತಗೊಂಡವನು. ಅವನಿಗೆ ಪಾಸ್ ಕೊಡೋಕೆ ತಲಾಲ್. ಅಂದರೆ ನೋಡಿ, ನಮ್ಮ ಸ್ಟಾಪರ್ ಜೋಡಿಗೂ ನಡುವಿನ ಜಾಗಕ್ಕೂ ಮೊದಲ ದಿನವೇ ಪರೀಕ್ಷೆ. ಆಮೇಲೆ 19ಕ್ಕೆ ಹೈದರಾಬಾದ್, 28ಕ್ಕೆ ಮೋಹನ್ ಬಗಾನ್. ಮೂರೂ ಕಂಠೀರವದಲ್ಲೇ. ಇಲ್ಲಿ ಪಾಯಿಂಟು ಕೂಡಿಟ್ಟುಕೊಳ್ಳದಿದ್ದರೆ ಆಮೇಲೆ ಕಷ್ಟ.

ಹಳದಿ_ಹುಡ್ಗ · ಸೆಪ್ಟೆಂಬರ್ 10

ಡಿಯಾಮಂಟಾಕೋಸ್ ಬಗ್ಗೆ ಫ್ರೀ ಸಲಹೆ: ಅವನು ಓಡಲ್ಲ, ಕಾಯ್ತಾನೆ. ಸ್ಟಾಪರ್ ಒಂದು ಸಲ ಚೆಂಡು ನೋಡೋಕೆ ತಲೆ ತಿರುಗಿಸಿದ ಅಂದ್ರೆ ಅವನು ಅಲ್ಲಿರಲ್ಲ. ಬಿಟ್ಟುಕೊಟ್ಟದ್ದಕ್ಕೆ ನಮ್ಮ ಹೊಟ್ಟೆ ಇನ್ನೂ ಉರೀತಾ ಇದೆ.

ಹಳೇ_ಸ್ಟಾಪರ್ · ಸೆಪ್ಟೆಂಬರ್ 10

ಹುಡುಗ ಸರಿಯಾಗಿ ಹೇಳಿದ. ಅಂಥವನಿಗೆ ಕೈ ತಾಗಿಸಿಕೊಂಡೇ ನಿಲ್ಲಬೇಕು. ಕಣ್ಣು ಚೆಂಡಿನ ಮೇಲಿದ್ದರೂ ಮೊಣಕೈಗೆ ಅವನ ಬೆನ್ನು ಗೊತ್ತಿರಬೇಕು.

ಬೇಲೂರು_ಬ್ಲೂ · ಸೆಪ್ಟೆಂಬರ್ 11

ಶನಿವಾರ ಯಾರು ಯಾರು ಬರ್ತಾ ಇದ್ದೀರಿ? ನಾವು ಬೇಲೂರಿನಿಂದ ಬೆಳಿಗ್ಗೆ ಹೊರಟು ಹಾಸನದಲ್ಲಿ ತಿಂಡಿ ಮಾಡ್ತೀವಿ. ಕಾರಲ್ಲಿ ಎರಡು ಸೀಟು ಖಾಲಿ ಇದೆ. ವಾಪಸ್ ಬರೋರಿಗೆ ಹೇಳ್ತೀನಿ: ಪಂದ್ಯ ಏಳೂವರೆಗೆ, ಮುಗಿಯೋದು ಒಂಬತ್ತೂವರೆ. ಕಬ್ಬನ್ ಪಾರ್ಕ್ ಸ್ಟೇಷನ್‌ಗೆ ನಡೆದು ಮೆಟ್ರೊ ಹಿಡಿದರೆ ಮೆಜೆಸ್ಟಿಕ್ ಬೇಗ ಸಿಗುತ್ತೆ. ಧರ್ಮಸ್ಥಳದ ರಾತ್ರಿ ಬಸ್ಸುಗಳು ಹಾಸನದ ಮೇಲೇ ಹೋಗುತ್ತವೆ. ಶನಿವಾರ ರಾತ್ರಿ ಸೀಟು ಸಿಗೋದು ಕಷ್ಟ, ಈಗಲೇ ಬುಕ್ ಮಾಡಿ. ನಮ್ಮವರು ಕೂಗೋ ವೆಸ್ಟ್ ಬ್ಲಾಕ್ ಸ್ಟ್ಯಾಂಡ್‌ನಲ್ಲಿ ಕೂರೋರು ಗಂಟಲಿಗೆ ಏನಾದರೂ ತನ್ನಿ.

ಗೋಣಿಬೀಡು_ಗೋಲಿ · ಸೆಪ್ಟೆಂಬರ್ 11

ಒಂದು ಸೀಟು ನನಗೆ ಅಕ್ಕ. ಹಾಸನದ ತನಕ ನಾನೇ ಬರ್ತೀನಿ. ಕಣದಲ್ಲಿ ನಿಂತು ನೋಡೋಕೆ ಇನ್ನು ಆಗಲ್ಲ, ಜಿಗಣೆ ಕಚ್ಚುತ್ತೆ.

ಕೆಎಂರಸ್ತೆ_ನೀಲಿ · ಸೆಪ್ಟೆಂಬರ್ 12

ಎಲ್ಲರೂ ಕೇಳಿದ್ದಕ್ಕೆ ನನ್ನ ಹನ್ನೊಂದು ಹಾಕ್ತಾ ಇದ್ದೀನಿ. ಗುರ್‌ಪ್ರೀತ್. ಪೂಜಾರಿ, ಭೆಕೆ, ಚಿಂಗ್ಲೆನ್‌ಸನಾ, ರೋಶನ್. ಕ್ಯಾಪೊ, ಸುರೇಶ್, ನೊಗೇರಾ. ವಿನೀತ್, ಡಿಯಾಜ್, ಮೆಂಡೆಜ್. ಚೆಟ್ರಿ ಅರವತ್ತಕ್ಕೆ. ವಿಲಿಯಮ್ಸ್ ಎಪ್ಪತ್ತಕ್ಕೆ. ಫನಾಯ್‌ಗೆ ಸುರೇಶ್ ಜಾಗದಲ್ಲಿ ಹದಿನೈದು ನಿಮಿಷ, ಮುಂದಿದ್ದರೂ ಸರಿ ಹಿಂದಿದ್ದರೂ ಸರಿ. ಸ್ಕೋರ್ 2-1.

ಸೀಸನ್ ಅಂದಾಜು: ನಾಲ್ಕನೇ ಸ್ಥಾನ. ಜನವರಿಯಲ್ಲಿ ಒಬ್ಬ ದೇಶಿ ಡಿಫೆನ್ಸಿವ್ ಮಿಡ್‌ಫೀಲ್ಡರ್ ತಂದರೆ ಎರಡನೇ ಸ್ಥಾನ.

ಹಳೇ_ಸ್ಟಾಪರ್ · ಸೆಪ್ಟೆಂಬರ್ 12

ಹನ್ನೊಂದು ಒಪ್ಪಿದೆ. ಸ್ಕೋರ್ 1-0. ಮೊದಲ ಪಂದ್ಯದಲ್ಲಿ ಗೋಲು ತಿನ್ನಬಾರದು, ಹೊಡೆಯೋದು ಒಂದು ಸಾಕು.

ಬೇಲೂರು_ಬ್ಲೂ · ಸೆಪ್ಟೆಂಬರ್ 12

ನಾನು ಒಪ್ಪಲ್ಲ. ಚೆಟ್ರಿ ಮೊದಲಿಂದಲೇ ಇರುತ್ತಾರೆ. ಹಾಸನ್_ಎಡಗಾಲು, ಪಂದ್ಯಕ್ಕೆ ಒಂದು ಗಂಟೆ ಮುಂಚೆ ಪಟ್ಟಿ ಬರುತ್ತಲ್ಲ, ಏನು ಬಾಜಿ?

ಹಾಸನ್_ಎಡಗಾಲು · ಸೆಪ್ಟೆಂಬರ್ 12

ಅವರು ಮೊದಲಿಂದ ಆಡಿದರೆ ಹಾಸನದ ತಿಂಡಿ ಬಿಲ್ಲು ನಂದು, ಕಾರಲ್ಲಿ ಎಷ್ಟು ಜನ ಇದ್ದರೂ ಸರಿ. ಬೆಂಚಲ್ಲಿ ಕೂತರೆ ನಿಮ್ಮ ತೋಟದ ಪುಡಿ ಅರ್ಧ ಕೇಜಿ. ಚಿಕೋರಿ ಬೆರೆಸಿದ್ದು ಕೊಟ್ಟರೆ ತಗೊಳ್ಳಲ್ಲ, ಈಗಲೇ ಹೇಳಿದ್ದೀನಿ.